ಅಂಗಾಂಗ ಕಸಿ ಕಾಯ್ದೆ: ರಾಜ್ಯಪತ್ರದಿಂದ ರೋಗಿಯ ಹಾಸಿಗೆಯವರೆಗೆ

ದೇಶದ ಮೊದಲ ಯಶಸ್ವಿ ಹೃದಯ ಕಸಿ ಶಸ್ತ್ರಚಿಕಿತ್ಸೆ ನಡೆದದ್ದು 1994ರ ಆಗಸ್ಟ್ 3ರಂದು, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ. ಡಾ. ಪಿ. ವೇಣುಗೋಪಾಲ್ ಅವರ ತಂಡ ಆ ಸಾಧನೆ ಮಾಡುವುದಕ್ಕೆ ಕೆಲವೇ ವಾರಗಳ ಹಿಂದೆ, ಜುಲೈ 8ರಂದು, ಮಾನವ ಅಂಗಾಂಗ ಕಸಿ ಮಸೂದೆಗೆ ರಾಷ್ಟ್ರಪತಿಯವರ ಅಂಕಿತ ಬಿದ್ದಿತ್ತು. ಆದರೆ ಕಾಯ್ದೆ ವಿಧ್ಯುಕ್ತವಾಗಿ ಜಾರಿಗೆ ಬಂದದ್ದು 1995ರ ಫೆಬ್ರುವರಿ 4ರಂದು. ಅದೂ ಗೋವಾ, ಹಿಮಾಚಲ ಪ್ರದೇಶ, ಮಹಾರಾಷ್ಟ್ರ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ ಮಾತ್ರ. ಅಂಕಿತ ಒಂದು ದಿನ, ಚಿಕಿತ್ಸೆ ಇನ್ನೊಂದು ದಿನ, ಜಾರಿ ಮತ್ತೊಂದು ದಿನ. ಅಂಗಾಂಗ ಕಸಿಗೆ ಸಂಬಂಧಿಸಿದ ನಮ್ಮ ಕಾನೂನಿನ ಮೂರು ದಶಕಗಳ ಚರಿತ್ರೆಯೆಲ್ಲ ಈ ದಿನಾಂಕಗಳ ನಡುವಿನ ಅಂತರದಲ್ಲೇ ಅಡಗಿದೆ ಎಂದರೆ ಅತಿಶಯೋಕ್ತಿಯಲ್ಲ.

ಈ ಅಂತರಕ್ಕೆ ಸಂವಿಧಾನದಲ್ಲೇ ಕಾರಣವಿದೆ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಗೆ ಸೇರಿದ ವಿಷಯಗಳು. ಎರಡು ಅಥವಾ ಹೆಚ್ಚು ರಾಜ್ಯಗಳ ಶಾಸಕಾಂಗಗಳು ನಿರ್ಣಯ ಕೈಗೊಂಡು ಕೇಳಿಕೊಂಡಾಗ, 252ನೇ ವಿಧಿಯ ಅನ್ವಯ ಸಂಸತ್ತು ಇಂಥ ವಿಷಯಗಳಲ್ಲಿ ಕಾನೂನು ರಚಿಸಬಹುದು. ಉಳಿದ ರಾಜ್ಯಗಳು ತಮಗೆ ಬೇಕೆನಿಸಿದಾಗ ತಮ್ಮ ಶಾಸಕಾಂಗದಲ್ಲಿ ನಿರ್ಣಯ ಅಂಗೀಕರಿಸಿ ಅದನ್ನು ತಮ್ಮದಾಗಿಸಿಕೊಳ್ಳಬಹುದು. ತಿದ್ದುಪಡಿಗೂ ಇದೇ ದಾರಿ. ಮೂಲ ಕಾಯ್ದೆಯನ್ನು ಒಪ್ಪಿಕೊಂಡ ರಾಜ್ಯವು ತಿದ್ದುಪಡಿಯನ್ನು ಒಪ್ಪಿಕೊಳ್ಳಲು ಮತ್ತೆ ಪ್ರತ್ಯೇಕ ನಿರ್ಣಯ ಮಾಡಬೇಕು. ಒಕ್ಕೂಟ ವ್ಯವಸ್ಥೆಯ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆದರೆ ದಾನಿಯ ದೇಹದಿಂದ ತೆಗೆದ ಹೃದಯ ನಾಲ್ಕಾರು ಗಂಟೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಶಾಸಕಾಂಗಗಳ ಗಡಿಯಾರ ವರ್ಷಗಳ ಲೆಕ್ಕದಲ್ಲಿ ಓಡುತ್ತದೆ.

1994ರ ಕಾಯ್ದೆಯ ಹಿನ್ನೆಲೆಯನ್ನು ಮರೆಯುವಂತಿಲ್ಲ. ಎಂಬತ್ತರ ದಶಕದಲ್ಲಿ ಭಾರತ ಮೂತ್ರಪಿಂಡಗಳ ಬಜಾರಾಗಿತ್ತು. ಮುಂಬೈ, ಮದರಾಸುಗಳ ಜೊತೆಗೆ ಬೆಂಗಳೂರಿನ ಹೆಸರೂ ಆ ಅಪಖ್ಯಾತಿಯಲ್ಲಿ ಸೇರಿಕೊಂಡಿತ್ತು. ಮೂತ್ರಪಿಂಡ ಮಾರಿಕೊಂಡ ಬಡವರ ಸಂಖ್ಯೆಯಿಂದಾಗಿ ಮದರಾಸಿನ ವಿಲ್ಲಿವಾಕ್ಕಂ ಬಡಾವಣೆಯನ್ನು ಜನ ‘ಕಿಡ್ನಿವಾಕ್ಕಂ’ ಎಂದೇ ಕರೆದರು. ಈ ವ್ಯಾಪಾರವನ್ನು ಅಪರಾಧವೆಂದು ಸಾರುವುದು ಕಾಯ್ದೆಯ ಒಂದು ಉದ್ದೇಶವಾಗಿತ್ತು. ಮಿದುಳುಕಾಂಡದ ಮರಣವನ್ನು ಕಾನೂನಿನ ದೃಷ್ಟಿಯಲ್ಲಿ ಮರಣವೆಂದು ಒಪ್ಪಿ, ಮೃತರ ಅಂಗಾಂಗಗಳನ್ನು ಪಡೆಯುವ ದಾರಿ ತೆರೆಯುವುದು ಇನ್ನೊಂದು ಉದ್ದೇಶ. ಮೊದಲನೆಯದು ಪೂರ್ಣವಾಗಿ ಈಡೇರಲಿಲ್ಲ ಎಂಬುದಕ್ಕೆ 2008ರ ಜನವರಿಯಲ್ಲಿ ಬಯಲಾದ ಗುರಗಾಂವ್ ಮೂತ್ರಪಿಂಡ ಜಾಲವೇ ಸಾಕ್ಷಿ. ಹತ್ತಿರದ ಬಂಧುಗಳಲ್ಲದವರೂ ‘ಪ್ರೀತಿ, ಬಾಂಧವ್ಯ ಅಥವಾ ವಿಶೇಷ ಕಾರಣ’ದಿಂದ ದಾನ ಮಾಡಬಹುದೆಂಬ ಅವಕಾಶ ದಲ್ಲಾಳಿಗಳಿಗೆ ಹೆಬ್ಬಾಗಿಲಾಗಿತ್ತು.

ಈ ಅನುಭವದ ಫಲವಾಗಿ 2009ರಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆಗೆ 2011ರಲ್ಲಿ ಸಂಸತ್ತಿನ ಒಪ್ಪಿಗೆ ದೊರೆಯಿತು. ಕಾಯ್ದೆಯ ಹೆಸರಿಗೆ ‘ಅಂಗಾಂಶ’ ಎಂಬ ಪದ ಸೇರಿತು. ಕಣ್ಣಿನ ಕಾರ್ನಿಯಾ, ಚರ್ಮ, ಮೂಳೆ, ಹೃದಯದ ಕವಾಟ ಮುಂತಾದವುಗಳ ಸಂಗ್ರಹ ಕೇಂದ್ರಗಳೂ ನೋಂದಣಿಯ ವ್ಯಾಪ್ತಿಗೆ ಬಂದವು. ಅಜ್ಜ, ಅಜ್ಜಿ, ಮೊಮ್ಮಕ್ಕಳು ಹತ್ತಿರದ ಬಂಧುಗಳ ಪಟ್ಟಿಗೆ ಸೇರಿದರು. ರಕ್ತದ ಗುಂಪು ಹೊಂದದ ಎರಡು ಕುಟುಂಬಗಳು ಪರಸ್ಪರ ದಾನ ಮಾಡಿಕೊಳ್ಳಲು ಅವಕಾಶವಾಯಿತು. ಅಂಗಾಂಗ ವ್ಯಾಪಾರಕ್ಕೆ ಹಿಂದೆ ಎರಡರಿಂದ ಏಳು ವರ್ಷ ಜೈಲು ಮತ್ತು ಹತ್ತರಿಂದ ಇಪ್ಪತ್ತು ಸಾವಿರ ರೂಪಾಯಿ ದಂಡವಿತ್ತು. ಅದು ಐದರಿಂದ ಹತ್ತು ವರ್ಷ ಜೈಲು ಮತ್ತು 20 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗಿನ ದಂಡಕ್ಕೆ ಏರಿತು.

ಇವೆಲ್ಲಕ್ಕಿಂತ ಮುಖ್ಯವಾದ, ಆದರೆ ಹೆಚ್ಚು ಚರ್ಚೆಯಾಗದ ಬದಲಾವಣೆ ಬೇರೆಯೇ ಇದೆ. ತೀವ್ರ ನಿಗಾ ಘಟಕದಲ್ಲಿರುವ ವ್ಯಕ್ತಿ ಅಂಗಾಂಗ ದಾನಕ್ಕೆ ಮೊದಲೇ ಸಮ್ಮತಿ ನೀಡಿದ್ದಾರೆಯೇ ಎಂದು ವಿಚಾರಿಸುವುದು, ನೀಡಿರದಿದ್ದರೆ ಅಂಥ ಅವಕಾಶವಿದೆ ಎಂದು ಬಂಧುಗಳಿಗೆ ತಿಳಿಸುವುದು ವೈದ್ಯರ ಕರ್ತವ್ಯವೆಂದು ತಿದ್ದುಪಡಿ ಹೇಳಿತು. ಈ ಕೆಲಸದಲ್ಲಿ ವೈದ್ಯರ ಜೊತೆಗಿರಲು ಕಸಿ ಸಂಯೋಜಕರು ಇರಲೇಬೇಕು. ಸಂಯೋಜಕರಿಲ್ಲದ ಆಸ್ಪತ್ರೆಗೆ ನೋಂದಣಿಯಿಲ್ಲ. ಕಸಿ ಮಾಡುವ ಸಾಮರ್ಥ್ಯವಿಲ್ಲದ, ಆದರೆ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯೂ ಅಂಗಾಂಗ ಪಡೆಯುವ ಕೇಂದ್ರವಾಗಿ ನೋಂದಾಯಿಸಿಕೊಳ್ಳಬಹುದು. ಮಿದುಳುಕಾಂಡದ ಮರಣ ದೃಢೀಕರಿಸುವ ನಾಲ್ವರು ವೈದ್ಯರ ಮಂಡಳಿಗೆ ನರರೋಗ ತಜ್ಞರು ಸಿಗದಿದ್ದರೆ ಫಿಸಿಷಿಯನ್, ಸರ್ಜನ್, ಅರಿವಳಿಕೆ ತಜ್ಞರು ಅಥವಾ ತೀವ್ರ ನಿಗಾ ತಜ್ಞರನ್ನು ನೇಮಿಸಿಕೊಳ್ಳಲು ಅವಕಾಶವಿದೆ. ಮಹಾನಗರದ ಐದಾರು ದೊಡ್ಡ ಆಸ್ಪತ್ರೆಗಳ ಸೊತ್ತಾಗಿದ್ದ ಕಸಿ ವ್ಯವಸ್ಥೆಯನ್ನು ಜಿಲ್ಲಾ ಕೇಂದ್ರಗಳತ್ತ ಒಯ್ಯುವ ಸಾಧ್ಯತೆ ಇದ್ದದ್ದು ಈ ಕಲಮುಗಳಲ್ಲೇ.

ಆದರೆ ಈ ತಿದ್ದುಪಡಿ ಜಾರಿಗೆ ಬಂದದ್ದು 2014ರ ಜನವರಿ 10ರಂದು. ಅದನ್ನು ಕೇಳಿಕೊಂಡಿದ್ದ ಗೋವಾ, ಹಿಮಾಚಲ ಪ್ರದೇಶ, ಪಶ್ಚಿಮ ಬಂಗಾಳಗಳಲ್ಲಿ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ. ನಿಯಮಾವಳಿ ಪ್ರಕಟವಾದದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಉಳಿದ ರಾಜ್ಯಗಳು ಒಂದೊಂದಾಗಿ, ತಮ್ಮ ತಮ್ಮ ಲಹರಿಯಲ್ಲಿ ಇದನ್ನು ಅಂಗೀಕರಿಸುತ್ತ ಬಂದವು. ನಮ್ಮ ಕರ್ನಾಟಕ ಕೂಡ ಕೂಡಲೇ ಮುಂದೆ ಬಂದ ರಾಜ್ಯಗಳ ಸಾಲಿನಲ್ಲಿರಲಿಲ್ಲ. ಆಂಧ್ರಪ್ರದೇಶದ 1995ರ ಪ್ರತ್ಯೇಕ ಕಾಯ್ದೆಯನ್ನು ಬಳುವಳಿಯಾಗಿ ಪಡೆದಿದ್ದ ತೆಲಂಗಾಣದ ವಿಧಾನಸಭೆ ಕೇಂದ್ರದ ಕಾನೂನನ್ನು ಒಪ್ಪಿಕೊಳ್ಳುವ ನಿರ್ಣಯ ಮಾಡಿದ್ದು 2025ರ ಮಾರ್ಚ್‌ನಲ್ಲಿ. ಸಂಸತ್ತಿನ ಒಪ್ಪಿಗೆ ದೊರೆತು ಅಷ್ಟರಲ್ಲಿ ಹದಿಮೂರು ವರ್ಷಗಳು ಸಂದಿದ್ದವು.

ಇಲ್ಲೊಂದು ವೈರುಧ್ಯವಿದೆ. ಹಳೆಯ ಕಾಯ್ದೆಯಲ್ಲೇ ಇದ್ದ ತೆಲಂಗಾಣ 2023ರಲ್ಲಿ 252 ಮರಣೋತ್ತರ ದಾನಿಗಳೊಂದಿಗೆ ದೇಶದಲ್ಲೇ ಮೊದಲ ಸ್ಥಾನದಲ್ಲಿತ್ತು. ತಮಿಳುನಾಡಿನಲ್ಲಿ ಮರಣೋತ್ತರ ದಾನದ ಕಾರ್ಯಕ್ರಮ ಬಲಗೊಂಡದ್ದು 2008ರಲ್ಲಿ. ಅಪಘಾತದಲ್ಲಿ ಮಡಿದ ಹದಿಹರೆಯದ ಮಗನ ಅಂಗಾಂಗಗಳನ್ನು ವೈದ್ಯ ದಂಪತಿ ದಾನ ಮಾಡಿದಾಗ ಇಡೀ ರಾಜ್ಯ ಕಣ್ಣೀರಿಟ್ಟಿತು. ಅದೇ ವರ್ಷ ಸರ್ಕಾರ ಹೊರಡಿಸಿದ ಆದೇಶಗಳು ಹಂಚಿಕೆಗೆ, ಪೊಲೀಸ್ ಪ್ರಕ್ರಿಯೆಗೆ, ಮರಣ ದೃಢೀಕರಣಕ್ಕೆ ಒಂದು ಕ್ರಮ ಹಾಕಿಕೊಟ್ಟವು. ಆಗ 2011ರ ತಿದ್ದುಪಡಿ ಹುಟ್ಟಿರಲೇ ಇಲ್ಲ. ಇನ್ನೊಂದೆಡೆ, ತಿದ್ದುಪಡಿಯನ್ನು ಮೊದಲೇ ಒಪ್ಪಿಕೊಂಡಿದ್ದ ಹಲವು ರಾಜ್ಯಗಳಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮರಣೋತ್ತರ ದಾನಗಳೂ ನಡೆಯುತ್ತಿಲ್ಲ.

ಹಾಗಾದರೆ ಕಾನೂನಿನಿಂದ ಪ್ರಯೋಜನವಿಲ್ಲವೆಂದು ಅರ್ಥವೇ? ಖಂಡಿತ ಇಲ್ಲ. ತಿದ್ದುಪಡಿ ಅನ್ವಯಿಸದ ಕಡೆ ಅಂಗಾಂಗ ದಲ್ಲಾಳಿ ಇಪ್ಪತ್ತು ಸಾವಿರ ರೂಪಾಯಿ ದಂಡ ಕಟ್ಟಿ ನಗುತ್ತಾನೆ. ಅಂಗಾಂಶ ಬ್ಯಾಂಕುಗಳನ್ನು ಕೇಳುವವರಿರುವುದಿಲ್ಲ. ಒಂದು ರಾಜ್ಯದ ದಾನಿಯ ಅಂಗ ಇನ್ನೊಂದು ರಾಜ್ಯದ ರೋಗಿಗೆ ಹೋಗುವ ಕಾಲದಲ್ಲಿ ಗಡಿಯ ಆಚೆಗೊಂದು, ಈಚೆಗೊಂದು ಕಾನೂನು ಇರುವುದು ಅಪಾಯಕರ. ಆದರೆ ಈ ಬಗೆಯ ಕಾನೂನು ನಿಜವಾಗಿ ಜಾರಿಗೆ ಬರುವ ಸ್ಥಳ ರಾಜ್ಯಪತ್ರವೂ ಅಲ್ಲ, ವಿಧಾನಸೌಧವೂ ಅಲ್ಲ ಎಂಬುದನ್ನು ತಮಿಳುನಾಡು, ತೆಲಂಗಾಣಗಳ ಅನುಭವ ಹೇಳುತ್ತದೆ. ಅದು ಜಾರಿಗೆ ಬರುವುದು ತೀವ್ರ ನಿಗಾ ಘಟಕದಲ್ಲಿ, ಒಂದು ಹಾಸಿಗೆಯ ಪಕ್ಕದಲ್ಲಿ.

ಜಿಲ್ಲಾ ಕೇಂದ್ರವೊಂದರ ಸರ್ಕಾರಿ ಆಸ್ಪತ್ರೆಯ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಇಪ್ಪತ್ತೈದರ ಯುವಕನನ್ನು ತಂದಿದ್ದಾರೆ. ವೆಂಟಿಲೇಟರಿನ ನೆರವಿನಿಂದ ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ, ಹೃದಯ ಬಡಿಯುತ್ತಿದೆ. ಆದರೆ ಮಿದುಳುಕಾಂಡ ಸಂಪೂರ್ಣವಾಗಿ, ಮರಳಿ ಬಾರದಂತೆ ನಿಂತುಹೋಗಿದೆ. ಇದನ್ನು ದೃಢಪಡಿಸಲು ನಾಲ್ವರು ವೈದ್ಯರು, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ, ಎರಡು ಬಾರಿ ಪರೀಕ್ಷಿಸಬೇಕು. ಅವರಲ್ಲಿ ಯಾರೂ ಕಸಿ ತಂಡಕ್ಕೆ ಸೇರಿದವರಾಗಿರಬಾರದು. ಅಂಗಾಂಗಕ್ಕಾಗಿ ಮರಣವನ್ನು ಅವಸರದಿಂದ ಘೋಷಿಸಿದರು ಎಂಬ ಸಂದೇಹಕ್ಕೆ ಎಡೆಯಿರಬಾರದೆಂಬುದೇ ಇದರ ಉದ್ದೇಶ. ಅಪಘಾತದ ಪ್ರಕರಣವಾದ್ದರಿಂದ ಪೊಲೀಸರ ಮಹಜರು, ಶವಪರೀಕ್ಷೆಯ ವಿಧಿಗಳೂ ಇವೆ. ಹೊರಗೆ ಬೆಂಚಿನ ಮೇಲೆ ಹಳ್ಳಿಯಿಂದ ಓಡಿಬಂದ ತಂದೆ ತಾಯಿ ಕುಳಿತಿದ್ದಾರೆ.

ಈ ಹೊತ್ತಿನಲ್ಲಿ ಅವರೊಡನೆ ಕುಳಿತು ನಿಧಾನವಾಗಿ, ಅವರದೇ ಮಾತಿನಲ್ಲಿ ವಿವರಿಸುವವರು ಯಾರು? ಕರ್ತವ್ಯದಲ್ಲಿರುವ ವೈದ್ಯರ ಮುಂದೆ ಇನ್ನೂ ಹತ್ತು ರೋಗಿಗಳಿದ್ದಾರೆ. ತರಬೇತಾದ ಸಂಯೋಜಕರ ಹುದ್ದೆ ಇಲ್ಲ, ಇದ್ದರೂ ಖಾಲಿ, ತುಂಬಿದ್ದರೂ ಗುತ್ತಿಗೆಯ ನೌಕರಿ ಎಂಬ ಸ್ಥಿತಿ ಇರುವವರೆಗೆ ಕಾಯ್ದೆಯ ಅತ್ಯುತ್ತಮ ಕಲಮು ಕಾಗದದ ಮೇಲೆ ಉಳಿಯುತ್ತದೆ. ಆ ಯುವಕನಿಂದ ಬದುಕಬಹುದಾಗಿದ್ದವರು ಕಾಯುತ್ತಲೇ ಇರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ದುಃಖದ ನಡುವೆಯೂ ಒಂದು ಅರ್ಥಪೂರ್ಣ ತೀರ್ಮಾನ ಕೈಗೊಳ್ಳಬಹುದಾಗಿದ್ದ ಆ ತಂದೆ ತಾಯಿಗೆ ಅಂಥ ಅವಕಾಶವಿತ್ತೆಂಬುದೇ ತಿಳಿಯುವುದಿಲ್ಲ.

ಎರಡನೆಯ ತೊಡಕು ಇನ್ನೂ ಆಳವಾದುದು. ನಮ್ಮಲ್ಲಿ ಮರಣಕ್ಕೆ ಎರಡು ವ್ಯಾಖ್ಯೆಗಳಿವೆ. ಜನನ ಮತ್ತು ಮರಣ ನೋಂದಣಿ ಕಾಯ್ದೆ, 1969ರ ಪ್ರಕಾರ ಜೀವದ ಎಲ್ಲ ಲಕ್ಷಣಗಳೂ ಶಾಶ್ವತವಾಗಿ ಅಳಿದುಹೋಗುವುದೇ ಮರಣ. ಅಲ್ಲಿ ಮಿದುಳುಕಾಂಡದ ಉಲ್ಲೇಖವಿಲ್ಲ. ಅಂಗಾಂಗ ಕಸಿ ಕಾಯ್ದೆ ಮಾತ್ರ ಮಿದುಳುಕಾಂಡದ ಮರಣವನ್ನೂ ಮರಣವೆನ್ನುತ್ತದೆ. ಪರಿಣಾಮವೇನು? ಬಂಧುಗಳು ದಾನಕ್ಕೆ ಒಪ್ಪಿದರೆ ವ್ಯಕ್ತಿ ಮೃತ. ಒಪ್ಪದಿದ್ದರೆ ಅದೇ ವ್ಯಕ್ತಿಯ ಸ್ಥಿತಿಯ ಬಗ್ಗೆ ಕಾಯ್ದೆ ಮೌನ ವಹಿಸುತ್ತದೆ. ವೆಂಟಿಲೇಟರ್ ತೆಗೆಯಲು ವೈದ್ಯರು ಅಂಜುತ್ತಾರೆ, ಬಿಲ್ಲು ಏರುತ್ತ ಹೋಗುತ್ತದೆ. ‘ದಾನ ಕೊಡುವುದಾದರೆ ಸತ್ತಿದ್ದಾನೆ, ಇಲ್ಲವಾದರೆ ಬದುಕಿದ್ದಾನೆ ಎನ್ನುತ್ತೀರಲ್ಲ’ ಎಂದು ಒಬ್ಬ ತಂದೆ ಕೇಳಿದರೆ ಉತ್ತರಿಸುವುದು ಕಷ್ಟ. ಜನರ ಸಂಶಯಕ್ಕೆ ಮೌಢ್ಯವೊಂದೇ ಕಾರಣವೆಂದು ಹಳಿಯುವ ಮೊದಲು ಕಾನೂನೇ ಆ ಸಂಶಯವನ್ನು ಬಿತ್ತುತ್ತಿದೆ ಎಂಬುದನ್ನು ಒಪ್ಪಿಕೊಳ್ಳಬೇಕು.

2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತಕ್ಕೀಡಾಗಿ ಅವರ ಮಿದುಳು ನಿಷ್ಕ್ರಿಯಗೊಂಡಾಗ ಕನ್ನಡಿಗರು ಈ ಗೊಂದಲವನ್ನು ಕಣ್ಣಾರೆ ಕಂಡರು. ಕುಟುಂಬದವರು ಅಂಗಾಂಗ ದಾನದ ಉದಾತ್ತ ತೀರ್ಮಾನ ಕೈಗೊಂಡರು. ಆದರೆ ಅವರು ಇದ್ದಾರೆಯೇ, ಇಲ್ಲವೇ ಎಂಬುದರ ಬಗ್ಗೆ ಒಂದಕ್ಕೊಂದು ಹೊಂದದ ಸುದ್ದಿಗಳು ಹರಿದಾಡಿದವು. ಸಂತಾಪದ ಮಾತುಗಳು ಮೊದಲು ಬಂದವು, ಅಧಿಕೃತ ಘೋಷಣೆ ನಂತರ ಬಂದಿತು. ರಾಷ್ಟ್ರಪ್ರಶಸ್ತಿ ಪುರಸ್ಕೃತ ನಟನ ವಿಷಯದಲ್ಲೇ ಹೀಗಾದರೆ ಅನಾಮಧೇಯ ಕೂಲಿಕಾರನ ಮನೆಯವರ ಗತಿಯೇನು?

ಕೇರಳ ಈ ನಿಟ್ಟಿನಲ್ಲಿ ಒಂದು ಹೆಜ್ಜೆ ಮುಂದಿದೆ. 2020ರಲ್ಲಿ ಅಲ್ಲಿನ ಸರ್ಕಾರ ಮಿದುಳು ಮರಣದ ದೃಢೀಕರಣವನ್ನು ಅಂಗಾಂಗ ದಾನದಿಂದ ಬೇರ್ಪಡಿಸುವ ಮಾರ್ಗಸೂಚಿಯನ್ನು ಹೊರಡಿಸಿತು. ದಾನದ ಪ್ರಶ್ನೆ ಏಳಲಿ, ಬಿಡಲಿ, ಮರಣ ಮರಣವೇ ಎಂಬ ಸರಳ ಸತ್ಯ ಅದರ ತಳಹದಿ. ಇತ್ತ ಸುಪ್ರೀಂ ಕೋರ್ಟ್ 2018ರ ‘ಕಾಮನ್ ಕಾಸ್’ ತೀರ್ಪಿನಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿದು, 2023ರ ಜನವರಿಯಲ್ಲಿ ಅದರ ಪ್ರಕ್ರಿಯೆಯನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಆ ತೀರ್ಪಿನ ಅನುಷ್ಠಾನಕ್ಕೆ ಆದೇಶ ಹೊರಡಿಸಿದ್ದು ಶ್ಲಾಘನೀಯ. ಗುಣವಾಗುವ ಆಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ಕ್ರಮ ರೂಪಿಸಿದ ರಾಜ್ಯಕ್ಕೆ, ಈಗಾಗಲೇ ಮೃತರಾದವರನ್ನು ಮೃತರೆಂದು ಘೋಷಿಸುವ ಏಕರೂಪದ ಕ್ರಮವನ್ನು ರೂಪಿಸುವುದು ಅಸಾಧ್ಯವೇನಲ್ಲ.

ಕಾನೂನನ್ನು ಇನ್ನಷ್ಟು ಬಿಗಿಗೊಳಿಸಿ, ನಿರಾಕರಿಸದವರೆಲ್ಲ ಒಪ್ಪಿದ್ದಾರೆಂದು ಭಾವಿಸುವ ಪದ್ಧತಿ ತಂದರೆ ಸಮಸ್ಯೆ ಬಗೆಹರಿಯುತ್ತದೆ ಎಂಬ ವಾದವೂ ಇದೆ. ಇದಕ್ಕೆ ಸ್ಪೇನ್‌ನ ಉದಾಹರಣೆ ಕೊಡುವುದುಂಟು. ಆದರೆ ಸ್ಪೇನ್ ಅಂಥ ಕಾನೂನು ಮಾಡಿದ್ದು 1979ರಲ್ಲಿ. ಹತ್ತು ವರ್ಷ ಕಳೆದರೂ ಅಲ್ಲಿ ಹತ್ತು ಲಕ್ಷ ಜನಸಂಖ್ಯೆಗೆ ಸುಮಾರು 14 ದಾನಿಗಳಷ್ಟೇ ಇದ್ದರು. 1989ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆಯನ್ನು ಸ್ಥಾಪಿಸಿ, ಆಸ್ಪತ್ರೆಗಳ ಒಳಗೇ ತರಬೇತಾದ ವೈದ್ಯ ಸಂಯೋಜಕರನ್ನು ನೇಮಿಸಿದ ಬಳಿಕ ಸಂಖ್ಯೆ ಏರತೊಡಗಿತು. ಈಗ ಅದು 45ನ್ನು ಮೀರಿದೆ. ಇಂದಿಗೂ ಅಲ್ಲಿ ಕುಟುಂಬದವರನ್ನು ಕೇಳದೆ ಮುಂದುವರಿಯುವುದಿಲ್ಲ. ಇಂಗ್ಲೆಂಡ್ 2020ರ ಮೇ 20ರಿಂದ ಭಾವಿತ ಸಮ್ಮತಿಯ ಕಾನೂನನ್ನು ಜಾರಿಗೆ ತಂದಿದೆ. ಆದರೆ ಅದಾದ ನಂತರದ ವರ್ಷಗಳಲ್ಲಿ ಕುಟುಂಬಗಳು ಒಪ್ಪುವ ಪ್ರಮಾಣ ಏರುವ ಬದಲು ಇಳಿದಿದೆ. ವೇಲ್ಸ್ 2013ರಲ್ಲಿ ಕಾನೂನು ಮಾಡಿ, 2015ರ ಡಿಸೆಂಬರ್ 1ರಂದು ಜಾರಿಗೊಳಿಸಿತು. ನಡುವಿನ ಅವಧಿಯನ್ನು ಜನರಿಗೆ ತಿಳಿಹೇಳಲು, ಸಿಬ್ಬಂದಿಯನ್ನು ಸಜ್ಜುಗೊಳಿಸಲು ಬಳಸಿಕೊಂಡಿತು. ವಿಳಂಬ ನಮ್ಮಲ್ಲೂ ಇತ್ತು, ಆದರೆ ಅದು ಸಿದ್ಧತೆಯ ವಿಳಂಬವಾಗಿರಲಿಲ್ಲ.

ನಮ್ಮ ಅಂಕಿಅಂಶಗಳ ಒಳಮರ್ಮವನ್ನೂ ನೋಡಬೇಕು. 2013ರಲ್ಲಿ ದೇಶದಲ್ಲಿ ಐದು ಸಾವಿರಕ್ಕೂ ಕಡಿಮೆಯಿದ್ದ ಕಸಿಗಳ ಸಂಖ್ಯೆ 2023ರಲ್ಲಿ 18 ಸಾವಿರ ದಾಟಿತು. ಅದೇ ವರ್ಷ ಮರಣೋತ್ತರ ದಾನಿಗಳ ಸಂಖ್ಯೆ ಮೊದಲ ಬಾರಿಗೆ ಒಂದು ಸಾವಿರವನ್ನು ಮೀರಿತು. ಕರ್ನಾಟಕದಲ್ಲಿ 178 ದಾನಿಗಳಿದ್ದರು. ಹೆಮ್ಮೆಪಡಬೇಕಾದ ಸಂಗತಿಯೇ. ಆದರೂ ಹತ್ತು ಲಕ್ಷ ಜನಸಂಖ್ಯೆಗೆ ನಮ್ಮಲ್ಲಿ ಒಬ್ಬ ಮರಣೋತ್ತರ ದಾನಿಯೂ ಇಲ್ಲ. ಹೀಗಾಗಿ ಕಸಿಯ ಹೊರೆಯೆಲ್ಲ ಬದುಕಿರುವ ದಾನಿಗಳ ಮೇಲೆ ಬಿದ್ದಿದೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ತಾಯಿ ಮಗನಿಗೆ, ಹೆಂಡತಿ ಗಂಡನಿಗೆ ಕೊಡುವ ಮೂತ್ರಪಿಂಡದಲ್ಲಿ ಪ್ರೀತಿ ಎಷ್ಟು, ಮನೆಯೊಳಗಿನ ಒತ್ತಡ ಎಷ್ಟು ಎಂದು ಯಾವ ಸಮಿತಿಯೂ ಅಳೆಯಲಾರದು. ಮರಣೋತ್ತರ ದಾನ ಹೆಚ್ಚಿದಷ್ಟೂ ಈ ಒತ್ತಡ ತಗ್ಗುತ್ತದೆ, ದಲ್ಲಾಳಿಯ ಅಂಗಡಿಯೂ ಮುಚ್ಚುತ್ತದೆ.

ಕೊಡುವವರಾರು, ಪಡೆಯುವವರಾರು ಎಂಬ ಪ್ರಶ್ನೆಗೆ ಇನ್ನೊಂದು ಮುಖವಿದೆ. ರಸ್ತೆಯಲ್ಲಿ ಮಡಿಯುವವರಲ್ಲಿ ದ್ವಿಚಕ್ರ ವಾಹನ ಸವಾರರೂ ಪಾದಚಾರಿಗಳೂ ಬಹಳ. ಕಸಿ ಶಸ್ತ್ರಚಿಕಿತ್ಸೆ ಹೆಚ್ಚಾಗಿ ನಡೆಯುವುದು ಲಕ್ಷಾಂತರ ರೂಪಾಯಿ ಕೇಳುವ ಖಾಸಗಿ ಆಸ್ಪತ್ರೆಗಳಲ್ಲಿ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಬಡತನ ರೇಖೆಗಿಂತ ಕೆಳಗಿನವರ ಕಸಿಗೆ ಕರ್ನಾಟಕ ನೆರವು ನೀಡುತ್ತಿರುವುದು ನಿಜ. ಆದರೆ ಕಸಿಯ ನಂತರ ಜೀವನಪರ್ಯಂತ ನುಂಗಬೇಕಾದ ಔಷಧಿಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಡವನ ಮಗನ ಹೃದಯ ಶ್ರೀಮಂತನ ಎದೆಗೆ ಮಾತ್ರ ಹೋಗುತ್ತದೆ ಎಂಬ ಭಾವನೆ ಜನರಲ್ಲಿ ಬೇರೂರಿದರೆ, ಎಷ್ಟೇ ಜಾಹೀರಾತು ನೀಡಿದರೂ ದಾನಿಗಳು ಸಿಗರು.

ಅಪರಾಧಗಳ ವಿಷಯದಲ್ಲೂ ಶಿಕ್ಷೆಯ ಪ್ರಮಾಣ ಏರಿಸಿದರಷ್ಟೇ ಸಾಲದು. ಈ ಕಾಯ್ದೆಯಡಿ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ನಿಯೋಜಿತ ಪ್ರಾಧಿಕಾರವೇ ದೂರು ಕೊಡಬೇಕು, ಇಲ್ಲವೇ ಆ ಪ್ರಾಧಿಕಾರಕ್ಕೆ 60 ದಿನಗಳ ನೋಟಿಸ್ ನೀಡಿದ ವ್ಯಕ್ತಿ ದೂರು ಕೊಡಬೇಕು. ಪ್ರಾಧಿಕಾರ ನಿದ್ರಿಸಿದರೆ ಒಂದು ಕೋಟಿ ರೂಪಾಯಿಯ ದಂಡವೂ ನಿದ್ರಿಸುತ್ತದೆ.

ಆದರೆ ನಿರಾಶರಾಗಬೇಕಿಲ್ಲ. ಅಂಗಾಂಶ ದಾನದಲ್ಲಿ ಕನ್ನಡನಾಡು ಒಂದು ಪಾಠವನ್ನು ಈಗಾಗಲೇ ಕಲಿತಿದೆ. 2006ರಲ್ಲಿ ಡಾ. ರಾಜ್‌ಕುಮಾರ್ ನಿಧನರಾದಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ದೊರೆತ ಬಳಿಕ ನೇತ್ರದಾನಕ್ಕೆ ಹೆಸರು ನೋಂದಾಯಿಸಲು ಜನ ಮುಗಿಬಿದ್ದರು. ಕಾರ್ನಿಯಾ ಪಡೆಯಲು ತೀವ್ರ ನಿಗಾ ಘಟಕ ಬೇಕಿಲ್ಲ, ಹೃದಯ ನಿಂತ ಬಳಿಕವೂ ಕೆಲವು ಗಂಟೆಗಳ ಅವಕಾಶವಿದೆ, ತರಬೇತಾದ ತಂತ್ರಜ್ಞರೂ ಈ ಕೆಲಸ ಮಾಡಬಹುದೆಂದು ಕಾಯ್ದೆಯೇ ಒಪ್ಪಿದೆ. ನಂಬಿಕೆ ಮತ್ತು ಸರಳ ವ್ಯವಸ್ಥೆ ಎರಡೂ ಕೂಡಿದ ಕಡೆ ನಮ್ಮ ಜನ ಹಿಂಜರಿಯಲಿಲ್ಲ.

ಆದ್ದರಿಂದ ಈಗ ಆಗಬೇಕಾದ ಕೆಲಸಗಳು ಸ್ಪಷ್ಟ. ಮರಣ ನೋಂದಣಿ ಕಾಯ್ದೆಯ ವ್ಯಾಖ್ಯೆಯನ್ನು ಸಂಸತ್ತು ಅಂಗಾಂಗ ಕಸಿ ಕಾಯ್ದೆಯ ವ್ಯಾಖ್ಯೆಯೊಂದಿಗೆ ಹೊಂದಿಸಬೇಕು. ಅಲ್ಲಿಯವರೆಗೆ ಕೇರಳದ ಮಾದರಿಯ ಮಾರ್ಗಸೂಚಿಯನ್ನು ರಾಜ್ಯಗಳು ಹೊರಡಿಸಬೇಕು. ತೀವ್ರ ನಿಗಾ ಘಟಕವಿರುವ ಪ್ರತಿಯೊಂದು ಸರ್ಕಾರಿ ವೈದ್ಯಕೀಯ ಕಾಲೇಜು ಮತ್ತು ಜಿಲ್ಲಾ ಆಸ್ಪತ್ರೆ ಅಂಗಾಂಗ ಪಡೆಯುವ ಕೇಂದ್ರವಾಗಿ ನೋಂದಣಿಯಾಗಬೇಕು. ಅಲ್ಲಿ ಕಾಯಂ ಸಂಯೋಜಕರಿರಬೇಕು; ಅವರಿಗೆ ಶೋಕದಲ್ಲಿರುವವರೊಡನೆ ಮಾತನಾಡುವ ತರಬೇತಿಯಿರಬೇಕು. ರಾಜ್ಯದಲ್ಲಿ ಕಸಿ ಹಂಚಿಕೆಯ ಹೊಣೆ ಹೊತ್ತಿರುವ ‘ಜೀವಸಾರ್ಥಕತೆ’ ಸಂಸ್ಥೆ, ಎಷ್ಟು ಮಿದುಳು ಮರಣಗಳು ದೃಢಪಟ್ಟವು, ಎಷ್ಟು ಕುಟುಂಬಗಳನ್ನು ಕೇಳಲಾಯಿತು, ಅಂಗಗಳು ಸರ್ಕಾರಿ ಆಸ್ಪತ್ರೆಯ ರೋಗಿಗಳಿಗೆ ಎಷ್ಟು, ಖಾಸಗಿ ಆಸ್ಪತ್ರೆಯವರಿಗೆ ಎಷ್ಟು ದೊರೆತವು ಎಂಬುದನ್ನು ಆಸ್ಪತ್ರೆವಾರು ಜನರ ಮುಂದಿಡಬೇಕು. ತಮಿಳುನಾಡು 2023ರಿಂದ ಮರಣೋತ್ತರ ದಾನಿಗಳ ಅಂತ್ಯಕ್ರಿಯೆಯನ್ನು ಸರ್ಕಾರಿ ಗೌರವದೊಂದಿಗೆ ನಡೆಸುತ್ತಿದೆ. ಆ ಗೌರವ ಒಳ್ಳೆಯದೇ. ಆದರೆ ಬದುಕಿನ ಕೊನೆಯ ಗಂಟೆಗಳಲ್ಲಿ ಸಿಗುವ ಗೌರವ ಅದಕ್ಕಿಂತ ದೊಡ್ಡದು.

ನಿರ್ಣಯ ಅಂಗೀಕರಿಸುವುದು ಸದನದಲ್ಲಿ ಕೆಲವು ನಿಮಿಷಗಳ ಕೆಲಸ. ಜಿಲ್ಲಾ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ಆ ತಂದೆ ತಾಯಿಯ ಬಳಿಗೆ ಒಬ್ಬರು ಬಂದು, ‘ನಿಮ್ಮ ಮಗ ಇನ್ನಿಲ್ಲ’ ಎಂದು ಖಚಿತವಾಗಿ, ಕರುಣೆಯಿಂದ ಹೇಳಿ, ನಂತರ ದಾನದ ಮಾತನ್ನು ಎತ್ತಬೇಕು. ಒಪ್ಪುವುದೂ ಒಪ್ಪದಿರುವುದೂ ಅವರ ಇಷ್ಟ. ಆ ಮಾತು ಅವರನ್ನು ತಲುಪಿದ ದಿನವೇ ಈ ಕಾಯ್ದೆ ಜಾರಿಗೆ ಬಂದ ದಿನ.